ನಲವತ್ತು ಮಾರು

ಹಗ್ಗವನ್ನು ಯಾರಾದರೂ ಕೋಲು ಹಿಡಿದು ಅಳೆಯುತ್ತಾರೆಯೇ, ಥೂ ಇವನ, ಹೊನ್ನಾವರ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯವ ನೀಲಿ ನೈಲಾನ್ ಹಗ್ಗವನ್ನು ಮೀಟರ್ ಪಟ್ಟಿಗೆ ತಾಗಿಸಿ ತಾಗಿಸಿ ಒಂದು, ಎರಡು, ಮೂರು ಎನ್ನುತ್ತಿದ್ದಾನೆ, ಬಸ್ಸಿನ ಕಿಟಕಿಯ ಸರಳಿಗೆ ಹಣೆಯಾನಿಸಿ ಕೂತ ಮಾಸ್ತಮ್ಮನಿಗೆ ಇಳಿದುಹೋಗಿ ಅವನ ಕೈಯಿಂದ ಹಗ್ಗ ಕಸಿಯಬೇಕೆನಿಸುತ್ತದೆ — ಹಗ್ಗ ಅಳೆಯುವುದು ಮಾರಿನಲ್ಲಿ ಮಾರಾಯಾ, ಎರಡೂ ಕೈ ಅಗಲಿಸಿ, ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ, ನಡುವಿನ ಹಗ್ಗ ಎದೆಗೆ ತಾಗಬೇಕು, ಆಗ ಅದು ಒಂದು ಮಾರು, ಅವಳ ಗಂಡ ಹಾಗೆ ಅಳೆಯುತ್ತಿದ್ದ, ಮಂಕಿಯ ಕಡಲ ದಂಡೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತು, ಅಂಗಿಯಿಲ್ಲದ ಎದೆಯ ಮೇಲೆ ನಾರಿನ ಹಗ್ಗ ಎಳೆದೆಳೆದು, ಮೊದಲ ಮಾರಿಗೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದ, ಭತ್ತ ಅಳೆದರೂ ಒಣಸೀಗಡಿ ಅಳೆದರೂ ಹಗ್ಗ ಅಳೆದರೂ ಎಣಿಕೆ ಶುರುವಾಗುವುದು ಲಾಭದಿಂದಲೇ, ಲಾಭ, ಎರಡು, ಮೂರು, ಆ ಹೊತ್ತಿನಲ್ಲಿ ಯಾರೂ ಅವನನ್ನು ಕೂಗುವ ಹಾಗಿಲ್ಲ, ಕೂಗಿದರೆ ಲೆಕ್ಕ ತಪ್ಪುತ್ತದೆ, ತಪ್ಪಿದರೆ ಹಗ್ಗವನ್ನೆಲ್ಲ ಮರಳಿಗೆ ಕೆಡವಿ ಮತ್ತೆ ಲಾಭದಿಂದ, ಅತ್ತೆ ಬಂಗಾರಿ ಇದೆಲ್ಲ ಗೊತ್ತಿದ್ದೂ ಬೇಕಂತಲೇ ಬಾಗಿಲಿಗೆ ಬಂದು ಕೂಗುವಳು, ಶುಕ್ರಾ, ಏ ಶುಕ್ರಾ, ಗಂಜಿ ಆರ್ತದೆ ಬಾರಾ, ಅವನು ಕೈಯಗಲಿಸಿ ನಿಂತಲ್ಲೇ, ಹೋತು, ಹೋತು ನಿನ್ನ ದೆಸೆಯಿಂದ, ಇಪ್ಪತ್ತಾರೋ ಇಪ್ಪತ್ತೇಳೋ, ಎಂತ ಅವಸರ ನಿಂಗೆ, ತಟ್ಟಿಯ ಸಂದಿಯಿಂದ ನೋಡುತ್ತಿದ್ದ ಹದಿನೆಂಟರ ಮಾಸ್ತಮ್ಮನಿಗೆ ನಗು ತಡೆಯುತ್ತಿರಲಿಲ್ಲ, ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು, ಮತ್ತೆ ಅವನ ಆ ಕೈಗಳು, ಅಬ್ಬಬ್ಬಾ ಎಷ್ಟುದ್ದ, ಅಗಲಿಸಿ ನಿಂತರೆ ಹಿಂದಿನ ಕಡಲೆಲ್ಲ ಅದರೊಳಗೆ ಹಿಡಿಯುತ್ತಿತ್ತು. ಎಂತ ಮಾಸ್ತಮ್ಮ, ಇವತ್ತು ಬುಟ್ಟಿ ಇಲ್ಲ, ಎಂದು ಕಂಡಕ್ಟರ್ ಕೇಳುತ್ತಾನೆ, ಇಪ್ಪತ್ತು ವರ್ಷದಿಂದ ಅವಳ ಮೀನಿನ ಬುಟ್ಟಿಯ ಜೊತೆ ಜಗಳ ಆಡಿದವ, ಇವತ್ತು ಬುಟ್ಟಿ ಕಾಣದೆ ಅವನಿಗೂ ಬೇಜಾರು. ಕುಮಟಾಕ್ಕೆ ಒಂದು ಕೊಡು ಎನ್ನುತ್ತಾಳೆ ಅವಳು, ಬುಟ್ಟಿಗೂ ಒಂದಿನ ರಜೆ ಬೇಡವಾ.

ಬಸ್ಸು ಹೊರಟಿತು, ಪಕ್ಕದ ಹೆಂಗಸು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಇವತ್ತು ಶುಕ್ರವಾರ ಅಲ್ದನಾ ಅಂತ ಕೇಳುತ್ತಾಳೆ, ಹೌದು ಎಂದು ತಲೆ ಆಡಿಸಿದರೆ ಮುಗಿಯಿತು, ಬಾಯಿ ಬೇಕಿಲ್ಲ, ಆ ವಾರದ ಹೆಸರನ್ನು ಮದುವೆಯಾದ ಮೇಲೆ ಮಾಸ್ತಮ್ಮ ಹೇಳಿದ್ದೇ ಇಲ್ಲ, ಗಂಡನ ಹೆಸರು ಅದರೊಳಗೆ ಕೂತಿದೆ, ಗಂಡನ ಹೆಸರು ಹೆಂಡತಿಯ ಬಾಯಿಗೆ ಬಂದರೆ ಅವನ ಆಯುಷ್ಯ ಸವೆಯುತ್ತದೆ, ಒಂದು ಸಲಕ್ಕೆ ಇಷ್ಟು, ಎರಡು ಸಲಕ್ಕೆ ಅಷ್ಟು, ಅವ್ವ ಹೇಳಿಕೊಟ್ಟದ್ದು ಅದು, ಮೀನು ಕೊಳ್ಳುವ ಭಟ್ಕಳದ ಸಾಯಬರ ಮನೆಯಲ್ಲೂ ಅವಳು ಗುರುವಾರದ ಮರುದಿನ ಬತ್ತೆ ಎಂದೇ ಹೇಳುವುದು, ಅಲ್ಲಿಯ ಮಕ್ಕಳಿಗೆ ಅದೇ ಒಂದು ಆಟ, ಜುಮ್ಮಾ ಅಂತಲಾದರೂ ಹೇಳು ಮಾಸ್ತಮ್ಮ, ಗಂಡನಿಗೂ ಅದೇ ಆಟವಾಗಿತ್ತು ಹಾಳಾದವನಿಗೆ, ರಜೆಯಲ್ಲಿ ಬಂದಾಗ ಬೆಳಗೆದ್ದು ಕೇಳುವುದು, ಏ, ನಾ ಹೊಳ್ಳಿ ಹೋಗೂದು ಯಾವ ವಾರವೇ, ಗುರುವಾರದ ಮರುದಿನ, ಅದಕ್ಕೆ ಹೆಸರಿಲ್ವಾ, ಇದೆ, ಹಾಗಾದ್ರೆ ಹೇಳು, ಹೋಗಿ ನೀವು, ನಂಗೆ ಒಲೆಯ ಮೇಲೆ ಕೆಲಸ ಅದೆ. ಕರ್ಕಿ ದಾಟಿತು, ಹಳದೀಪುರದ ತೆಂಗಿನ ತೋಟಗಳು ಹಿಂದೆ ಹಿಂದೆ ಸರಿಯುತ್ತವೆ, ಹೋದ ವಾರ ಆ ಕಾಗದ ಬಂದಾಗಲೂ ಗಂಡನ ಅಣ್ಣನ ಮೊಮ್ಮಗಳು ದೀಪಿಕಾ ಓದಿದ ಮೊದಲ ಶಬ್ದ ಅದೇ, ದಿನಾಂಕ ಇಷ್ಟು, ಶುಕ್ರವಾರ, ಕುಮಟಾದ ತಾಲೂಕು ಕಚೇರಿಯ ಹಿಂದಿನ ಹಾಲ್‌ಗೆ ಬರಬೇಕು, ಯುದ್ಧದಲ್ಲಿ ನೌಕಾಪಡೆಯ ಹಡಗುಗಳಲ್ಲಿ ಸತ್ತ ಈ ಮೂರು ತಾಲೂಕಿನವರ ಲೆಕ್ಕ ತೆಗೆದಿದ್ದಾರೆ, ಒಂಬತ್ತು ಜನ, ಕರಿಕಲ್ಲಿನ ಮೇಲೆ ಒಂಬತ್ತು ಹೆಸರು ಕೆತ್ತಿಸುತ್ತಾರೆ, ಕೆತ್ತುವ ಮೊದಲು ಮನೆಯವರು ಬಂದು ಸರಿಯಿದೆಯೋ ನೋಡಿ ಸಹಿ ಹಾಕಬೇಕು, ನಾಲ್ಕನೆಯದು, ದಿವಂಗತ ಅಣ್ಣಪ್ಪ, ತಂದೆ ತಿಮ್ಮ, ಮಂಕಿ — ದೀಪಿಕಾ ಅಲ್ಲಿಗೆ ನಿಲ್ಲಿಸಿ ಅಜ್ಜನ ಮುಖ ನೋಡಿದಳು, ದಿವಂಗತ ಅಣ್ಣಪ್ಪ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತು ಗಂಜಿ ಉಣ್ಣುತ್ತಿದ್ದ. ನಿಲ್ಲಿಸಿದ ತುತ್ತನ್ನು ಬಾಯಿಗೆ ಹಾಕಿಕೊಂಡು ಭಾವ ಹೇಳಿದ, ಸತ್ತವನ ಗಂಜಿಗೆ ಉಪ್ಪು ಕಡಿಮೆ ಆಗ್ಯದೆ ಮಾಸ್ತಿ, ಒಂಚೂರು ಹಾಕು.

ನಗುವ ಮಾತೇ ಅದು, ನಕ್ಕರು ಕೂಡ, ಆದರೆ ಕೇರಿಗೆಲ್ಲ ಗೊತ್ತಿದ್ದ ಸಂಗತಿ ಕೇರಿಯ ಹೊರಗೆ ಕಾಲಿಟ್ಟಿರಲಿಲ್ಲ, ಏಳನೇ ಇಯತ್ತೆ ಪಾಸಾದವ ಅಣ್ಣಪ್ಪ, ನೌಕಾಪಡೆಗೆ ಆಳು ತೆಗೆದುಕೊಳ್ಳುತ್ತಾರೆಂದು ಅರ್ಜಿ ಹಾಕಿದವ ಅಣ್ಣಪ್ಪ, ಕರೆ ಬಂದದ್ದು ಅಣ್ಣಪ್ಪನಿಗೆ, ಬಂದ ದಿನದಿಂದ ಹೊಟ್ಟೆ ಕೆಟ್ಟು ಚಾಪೆ ಹಿಡಿದವನೂ ಅಣ್ಣಪ್ಪನೇ, ಜ್ವರವಲ್ಲ ಗಿರವಲ್ಲ, ಹೆದರಿಕೆ, ದೊಡ್ಡ ಕಡಲಿನ ಹೆದರಿಕೆ, ದಂಡೆಯ ಹತ್ತಿರ ಬಲೆ ಬಿಡುವವನಿಗೆ ಗುಡ್ಡದಷ್ಟು ಹಡಗೆಂದರೆ ಹೆದರಿಕೆ, ತಮ್ಮ ನಕ್ಕುಬಿಟ್ಟ, ಎಂತದಾ ಅಣ್ಣಾ, ಚೀಟಿ ಕೊಡು ಇಲ್ಲಿ, ನಾ ಹೋಗಿ ಬತ್ತೆ, ಅವರಿಗೆ ಅಣ್ಣ ಯಾರು ತಮ್ಮ ಯಾರು ಗೊತ್ತಾ, ಇಬ್ಬರೂ ತಿಮ್ಮನ ಮಕ್ಕಳೇ, ಎರಡನೇ ಇಯತ್ತೆಗೆ ಶಾಲೆ ಬಿಟ್ಟವ ಅಣ್ಣನ ಸರ್ಟಿಫಿಕೇಟು ಕಿಸೆಯಲ್ಲಿಟ್ಟುಕೊಂಡು ಹೋದ, ಅವರು ಓದು ಕೇಳಲಿಲ್ಲ, ಎದೆ ಅಳೆದರು, ಕೈ ಅಳೆದರು, ಈಜಿಸಿ ನೋಡಿದರು, ಹಡಗಿನ ಅಡುಗೆಮನೆಗೆ ತೆಗೆದುಕೊಂಡರು, ಅಲ್ಲಿಂದ ಅವನು ಹಡಗಿನಲ್ಲಿ ಅಣ್ಣಪ್ಪ, ಮಂಕಿಯಲ್ಲಿ ಶುಕ್ರ, ಎರಡು ವರ್ಷದ ಮೇಲೆ ಮದುವೆ, ಆ ಮೇಲಿನ ಎರಡು ವರ್ಷದಲ್ಲಿ ಮೂರು ಸಲ ರಜೆ, ಒಟ್ಟು ಎಣಿಸಿದರೆ ಎಪ್ಪತ್ತೊಂದು ದಿನ, ಮಾಸ್ತಮ್ಮ ಎಷ್ಟೋ ಸಲ ಎಣಿಸಿದ್ದಾಳೆ, ಹೆಚ್ಚಾಗುವುದಿಲ್ಲ. ಕಡೆಯ ಸಲ ಬಂದಾಗ ಅಣ್ಣನ ದೋಣಿಗೆಂದು ಹಗ್ಗ ಅಳೆದುಕೊಟ್ಟ, ನಲವತ್ತು ಮಾರು, ಅತ್ತೆ ನಡುವೆ ಕೂಗಿ ಎರಡು ಸಲ ಕೆಡಿಸಿದಳು, ಮೂರನೇ ಸಲಕ್ಕೆ ಮುಗಿಯಿತು, ಮತ್ತೆ ಹೊರಡುವ ದಿನ — ಕಬ್ಬಿಣದ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಗಾಳಿಮರದ ಸಾಲಿನವರೆಗೆ ಹೋದವ ತಿರುಗಿ ನಿಂತು, ಅತ್ತೆ ಒಳಗೆ ಹೋದದ್ದು ನೋಡಿಕೊಂಡು, ಏ ಇವಳೇ, ಹೆಸರು ಹಿಡಿದು ಒಂದ್ಸಲ ಕೂಗೇ, ಒಂದೇ ಸಲ, ಹೊಳ್ಳಿ ಬತ್ತೆ, ದೇವರಾಣೆ ಹಡಗು ಹತ್ತೂದಿಲ್ಲ, ನಗುತ್ತಿದ್ದ, ಅವಳೂ ನಗುತ್ತಿದ್ದಳು, ಸೆರಗು ಹಲ್ಲಿಗೆ ಕಚ್ಚಿ ಇಲ್ಲ ಇಲ್ಲ ಎಂದು ತಲೆ ಆಡಿಸಿದಳು, ಅವನ ಆಯುಷ್ಯ ಅವಳ ಹಲ್ಲಿನ ನಡುವೆ ಇತ್ತು, ಗಟ್ಟಿಯಾಗಿ ಹಿಡಿದುಕೊಂಡಳು, ಅವನು ಹೋದ. ಕೂಗಿದ್ದರೆ ಬರುತ್ತಿದ್ದನೇ, ಎಲ್ಲಿಯ ಮಾತು, ಹಡಗು ಬಿಟ್ಟು ಓಡಿಬಂದರೆ ಜೈಲಿಗೆ ಹಾಕುತ್ತಾರೆ, ಜೈಲಿಗೆ ಹಾಕಿದ್ದರೆ ಇವತ್ತಿಗೆ ಬಿಡುಗಡೆಯಾಗಿ ಬಂದಿರುತ್ತಿದ್ದ.

ಕುಮಟಾದಲ್ಲಿ ಇಳಿದು ನಡೆಯುವಾಗ ಕೈ ತಾನಾಗಿ ಸೆರಗಿನ ತುದಿ ಮುಟ್ಟಿ ನೋಡುತ್ತದೆ, ಗಂಟು ಇದೆ, ಗಂಟಿನೊಳಗೆ ಎರಡು ಹಸಿರು ಗಾಜಿನ ಬಳೆ ಕಿಣಿ ಎನ್ನುತ್ತವೆ, ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲೇ ನಲ್ಲಿಯ ಹತ್ತಿರ ಸೋಪು ಹಚ್ಚಿ ತೆಗೆದು ಕಟ್ಟಿಕೊಂಡದ್ದು, ಮೂವತ್ತೆರಡು ವರ್ಷದಿಂದ ವರ್ಷಕ್ಕೊಮ್ಮೆ ಇದೇ ಕೆಲಸ, ಪಿಂಚಣಿಯ ಸಹಿಗೆ ಬ್ಯಾಂಕಿಗೆ ಹೋಗುವ ದಿನ ವಿಧವೆ, ಸಂಜೆ ಬಸ್ಸು ಇಳಿಯುವಾಗ ಮುತ್ತೈದೆ, ಬ್ಯಾಂಕಿನಲ್ಲಿ ಗಂಡನ ಹೆಸರೇನು ಎಂದರೆ ಪುಸ್ತಕದ ಮೇಲೆ ಬೆರಳಿಡುವುದು, ಅವರೇ ಓದಿಕೊಳ್ಳುವುದು, ಅಣ್ಣಪ್ಪ, ಹೂಂ, ಸಹಿ ಹಾಕಿ. ಬಳೆ ಒಡೆಯಲು ಬಿಡದವಳು ಅತ್ತೆ, ಹೆಣ ನೋಡದೆ ಹೆಂಗೆ ಒಡೀತ್ರಿ, ನನ್ನ ಮಗ ಈಜಿದವ, ಎಲ್ಲೋ ದಂಡೆ ಹತ್ತಿರ್ತ, ಹನ್ನೆರಡು ವರ್ಷ ನೋಡುವ ಎಂದು ಊರವರು ಸುಮ್ಮನಾದರು, ಹನ್ನೊಂದನೇ ವರ್ಷಕ್ಕೆ ಅತ್ತೆಯೇ ಹೋದಳು, ಹನ್ನೆರಡನೇ ವರ್ಷ ಯಾರೂ ಆ ಮಾತು ಎತ್ತಲಿಲ್ಲ, ಬಳೆ ಉಳಿಯಿತು. ಆ ತಂತಿ ಬಂದ ದಿನ — ನೆನೆಯಬಾರದು, ನೆನೆಯಬಾರದು ಎಂದರೂ ಬರುತ್ತದೆ, ಅಂಚೆಯ ಲಿಂಗಪ್ಪ ಸೈಕಲ್ ದೂಡಿಕೊಂಡು ಮರಳಿನಲ್ಲಿ ಬಂದದ್ದು, ನಗುತ್ತಲೇ ಬಂದದ್ದು, ಏ ಅಣ್ಣಪ್ಪಾ, ಇಲ್ಲಿ ನೋಡಾ ಮಾರಾಯಾ, ನೀನು ಯುದ್ಧದಲ್ಲಿ ಸತ್ತೆ ಅಂತ ಸರ್ಕಾರ ತಂತಿ ಕಳಿಸ್ಯದೆ, ಹಡಗು ಮುಳುಗಿ ಸತ್ತೆಯಂತೆ, ಯಾವ ಅಣ್ಣಪ್ಪನದು ಯಾರಿಗೆ ಬಂತೋ, ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ ಅಣ್ಣಪ್ಪ ನಕ್ಕ, ಅತ್ತೆ ಬಂಗಾರಿ ನಕ್ಕಳು, ಹಲ್ಲಿಲ್ಲದ ಬಾಯಿ ಅಗಲ ಮಾಡಿ, ಅಯ್ಯ ನನ್ನ ಮಗ ಇಲ್ಲೇ ಕೂತವ್ನಲ್ಲೋ, ಕಣ್ಣು ಕಾಣೂದಿಲ್ವಾ ನಿಂಗೆ, ಬಂಗಡೆಯ ಹೊಟ್ಟೆ ಸೀಳುತ್ತಿದ್ದ ಮಾಸ್ತಮ್ಮನೂ ನಕ್ಕಳು, ದೇವರೇ, ನಕ್ಕಳು, ರಕ್ತದ ಕೈಯಲ್ಲಿ ಹಣೆಯ ಕೂದಲು ಸರಿಸಿಕೊಂಡು ನಕ್ಕಳು, ಮೂರು ಜನ ಮನೆಯವರು, ಮೂರೂ ಜನ, ಅರ್ಧ ಉಸಿರಿನ ಹೊತ್ತು, ಆಮೇಲೆ ಅಣ್ಣಪ್ಪನ ಕೈಯಿಂದ ಬಲೆ ಹೆಣೆಯುವ ಮುಳ್ಳು ಮರಳಿಗೆ ಬಿತ್ತು. ಲಿಂಗಪ್ಪನಿಗೆ ಇನ್ನೂ ಗೊತ್ತಾಗದೆ, ಎಂತ ಆತು, ಎಂತ ಆತು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ.

ಹಾಲಿನಲ್ಲಿ ಫ್ಯಾನು ತಿರುಗುತ್ತಿದೆ, ಬೆಂಚಿನ ಮೇಲೆ ಹಿರೇಗುತ್ತಿಯ ಕಡೆಯ ಮುದುಕನೊಬ್ಬ, ಭಟ್ಕಳದಿಂದ ಬಂದ ತಾಯಿ ಮಗಳು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಒಂದು ಫೋಟೋ, ಎಲ್ಲರ ಫೋಟೋದಲ್ಲೂ ಅದೇ ಬಿಳಿ ಟೊಪ್ಪಿ, ಮೇಜಿನ ಹಿಂದೆ ಕೂತ ಹುಡುಗಿ ಪಟ್ಟಿಯ ಮೇಲೆ ಪೆನ್ಸಿಲ್ ಓಡಿಸಿ ಓದುತ್ತಾಳೆ, ಒಂದು, ಇಂಥವರು, ಇಂಥ ಊರು, ಸರಿ ಇದೆಯಾ, ಎರಡು, ಇಂಥವರು — ಮಾಸ್ತಮ್ಮನ ಬಾಯಿ ಒಳಗೊಳಗೇ ತಿದ್ದುತ್ತದೆ, ಲಾಭ, ಎರಡು, ಛೆ, ಸತ್ತವರ ಎಣಿಕೆ ಲಾಭದಿಂದ ಹೇಗೆ ಶುರು ಮಾಡುವುದು, ಸರಿ, ಇವರು ಒಂದು ಎನ್ನುವುದೇ ಸರಿ, ಆದರೆ ಇದು ಎಂಥ ಎಣಿಕೆ, ಒಂಬತ್ತಕ್ಕೆ ನಿಲ್ಲುವುದು, ಹನ್ನೊಂದು ವರ್ಷ ಸಂಜೆ ಸಂಜೆ ಗಾಳಿಮರದ ಕೆಳಗೆ ಹೋಗಿ ಕೂತು ಕೂತು ಒಂದು ದಿನ ಅಲ್ಲೇ ಒರಗಿದ ಬಂಗಾರಿ ಇವರ ಪಟ್ಟಿಯಲ್ಲಿ ಇಲ್ಲ, ಆ ದಿನದಿಂದ ಇವತ್ತಿನವರೆಗೆ ಮೊಣಕಾಲುದ್ದದ ನೀರು ದಾಟಿ ಹೋಗದೆ, ಕಂಡವರ ಬಲೆ ಹೆಣೆದುಕೊಂಡು ಬದುಕಿದ ಭಾವ ಇಲ್ಲ, ಇಲ್ಲ ಅಲ್ಲ, ಅವನು ಇದ್ದಾನೆ, ಅವನೊಬ್ಬನೇ ಇರಬಾರದಾಗಿತ್ತು. ಭಾವನೇ ಒಂದು ಸಲ, ಹತ್ತು ವರ್ಷವಾಯಿತೇನೋ, ಭಟ್ಕಳದಲ್ಲಿ ಆ ಹಡಗಿನಿಂದ ಬದುಕಿ ಬಂದವನೊಬ್ಬ ಸಿಕ್ಕಿದನೆಂದು ಹೋಗಿ ಕೇಳಿಕೊಂಡು ಬಂದ, ಹಡಗು ಬಿದ್ದಲ್ಲಿ ನೀರಿನ ಆಳ ಎಪ್ಪತ್ತೆರಡು ಮೀಟರ್ ಅಂತೆ ಮಾಸ್ತಿ, ಲೆಕ್ಕ ಹಾಕಿದೆ, ನಲವತ್ತು ಮಾರು — ಇಬ್ಬರೂ ಒಲೆಯ ಮೇಲಿನ ಅಟ್ಟ ನೋಡಿದರು, ಹೊಗೆ ಹಿಡಿದು ಕಪ್ಪಾದ ಹಗ್ಗ ಅಲ್ಲೇ ಸುರುಳಿ ಸುತ್ತಿಕೊಂಡಿತ್ತು, ಭಾವ ಅದನ್ನು ದೋಣಿಗೆ ಕಟ್ಟಲೇ ಇಲ್ಲ, ಮಾರನೇ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಮಾಸ್ತಮ್ಮ ಹಗ್ಗ ಇಳಿಸಿ ತಾನೇ ಅಳೆದಳು, ಕೈ ಅಗಲಿಸಿ, ಎದೆಗೆ ತಾಗಿಸಿ, ಲಾಭ, ಎರಡು, ಅವಳ ಕೈಗೆ ಅದು ನಲವತ್ತೇಳು ಮಾರು ಬಂತು, ಎರಡು ಸಲ ಅಳೆದಳು, ನಲವತ್ತೇಳೇ, ಅವನ ಕೈಗೂ ಅವಳ ಕೈಗೂ ನಡುವೆ ಏಳು ಮಾರು ಉಳಿಯಿತು, ಆ ಏಳು ಮಾರನ್ನು ಏನು ಮಾಡುವುದೆಂದು ಗೊತ್ತಾಗದೆ ಹಗ್ಗದ ರಾಶಿಯ ಮೇಲೇ ಕೂತು ಅತ್ತಳು. ಇವತ್ತು ಬೆಳಿಗ್ಗೆ ಭಾವ ಬಾಗಿಲಲ್ಲಿ ನಿಂತು ಹೇಳಿದ, ನಾನೂ ಬತ್ತೆ, ಬೇಡ ಭಾವ, ನೀವು ಬಂದ್ರೆ ಸತ್ತವ್ರೇ ಎದ್ದು ಬಂದ್ರು ಅಂತ ಆಪೀಸಿನವ್ರು ಓಡಿಹೋತ್ರು, ಅವನು ನಗಲಿಲ್ಲ, ಖರೆ ಹೆಸರು ಹೇಳಿ ಬಾ ಮಾಸ್ತಿ, ತಿಂಗಳ ದುಡ್ಡು ನಿಲ್ಲಿಸ್ತ್ರಾ, ನಿಲ್ಲಿಸ್ಲಿ, ಪೊಲೀಸರು ಬತ್ರಾ, ಬರ್ಲಿ, ಅವ್ವ ಇದ್ದಷ್ಟು ದಿನ ಅವಳಿಗೆ ಹೆದರಿ ಸುಮ್ಮನಿದ್ದೆ, ಒಬ್ಬ ಹೋದ, ಇನ್ನೊಬ್ಬನನ್ನೂ ಹಿಡಕಂಡು ಹೋತ್ರು ಅಂತಿದ್ಲು, ಈಗ ನಂಗೆ ಅರವತ್ತು ದಾಟ್ತು, ಆ ಕಲ್ಲಿನ ಮೇಲೆ ನನ್ನ ಹೆಸರು ಕೂತ್ರೆ ನಾ ಸತ್ತ ಮೇಲೂ ಅವನ ಜಾಗದಲ್ಲೇ ಮಲಗಬೇಕು, ಅದೊಂದು ಬೇಡ. ಹೇಳ್ತೆ ಎಂದಳು, ಹೇಳುತ್ತೇನೆಂದು ಹೇಳುವುದು ಸುಲಭ, ಭಾವನಿಗೇನು ಗೊತ್ತು, ಪೊಲೀಸರಿಗೆ ಯಾರು ಹೆದರುತ್ತಾರೆ, ಮೀನು ಮಾರ್ಕೆಟ್ಟಿನಲ್ಲಿ ಎಷ್ಟು ಪೊಲೀಸರ ಹತ್ತಿರ ಬಾಯಿ ಮಾಡಿಲ್ಲ ಅವಳು, ಹೆದರಿಕೆ ತನ್ನ ಬಾಯಿಯದೇ, ಹಲ್ಲಿನ ನಡುವೆ ಹಿಡಿದುಕೊಂಡ ಆ ಆಯುಷ್ಯದ್ದು, ಹೆಣ ಸಿಕ್ಕಿಲ್ಲ, ಬಳೆ ಒಡೆದಿಲ್ಲ, ಹೆಸರು ಬಾಯಿಗೆ ಬಂದಿಲ್ಲ, ಮೂರೂ ಬಾಗಿಲು ಇನ್ನೂ ತೆರೆದೇ ಇವೆ, ಬರುವವನು ಬರಬಹುದು, ಬರುವುದಿಲ್ಲ, ಅದು ಗೊತ್ತು, ಐವತ್ತಮೂರರ ಹೆಂಗಸಿಗೆ ಗೊತ್ತಿಲ್ಲದೆ ಇರುತ್ತದೆಯೇ, ಆದರೂ ಬರಬಹುದು. ಮೂರು ಎಂದು ಹುಡುಗಿ ಕೂಗುತ್ತಾಳೆ, ಭಟ್ಕಳದ ತಾಯಿ ಮಗಳು ಏಳುತ್ತಾರೆ.

ನಾಲ್ಕು. ಬನ್ನಿ ಅಮ್ಮಾ, ಕೂತ್ಕೊಳ್ಳಿ, ನಾನು ವಿನುತಾ ಅಂತ, ಅಣ್ಣಪ್ಪ, ತಂದೆ ತಿಮ್ಮ, ಮಂಕಿ, ಸರಿ ಇದೆಯಾ ನೋಡಿ, ಸಹಿ ಇಲ್ಲಿ — ಪೆನ್ನು ಅವಳ ಕಡೆ ಬಂತು, ಬೆರಳು ಅಭ್ಯಾಸದಂತೆ ಪಟ್ಟಿಯ ಮೇಲೆ ಹೋಗುತ್ತದೆ, ಹೂಂ ಎಂದರೆ ಮುಗಿಯಿತು, ಸಂಜೆಯ ಬಸ್ಸು, ಬಳೆ, ಒಲೆ, ನಾಳೆ ಬುಟ್ಟಿ — ಇಲ್ಲ, ಎನ್ನುತ್ತಾಳೆ, ಸರಿ ಇಲ್ಲ, ಅಣ್ಣಪ್ಪ ಸತ್ತಿಲ್ಲ ಮಗಾ, ಬೆಳಿಗ್ಗೆ ನಾನೇ ಗಂಜಿ ಬಡಿಸಿ ಬಂದೆ. ಹುಡುಗಿ ಕನ್ನಡಕ ತೆಗೆದು ನೋಡಿದಳು, ಮುದುಕಿಗೆ ತಲೆ ಸರಿಯಿಲ್ಲ ಅಂದುಕೊಂಡಳೋ ಏನೋ, ಅಂದುಕೊಳ್ಳಲಿ, ಹೇಳಿದಳು, ಚೀಟಿ ಅಣ್ಣನದು, ಹೋದವ ತಮ್ಮ, ಮುಳುಗಿದವ ತಮ್ಮ, ತಂತಿ ಬಂದದ್ದು ಅಣ್ಣನ ಹೆಸರಿಗೆ, ನಾವು ನಕ್ಕದ್ದು, ಅದನ್ನೂ ಹೇಳಿದಳು, ಬೇಡವಾಗಿತ್ತು, ಬಂದುಬಿಟ್ಟಿತು. ಹುಡುಗಿ ಪಟ್ಟಿಯ ನಾಲ್ಕನೇ ಸಾಲಿನ ಪಕ್ಕ ಪೆನ್ಸಿಲಿನಿಂದ ಗುರುತು ಹಾಕಿ ಮೆಲ್ಲಗೆ ಹೇಳಿದಳು, ಮೇಲಿನವರಿಗೆ ಬರೆಯಬೇಕು ಅಮ್ಮಾ, ಅವರು ಏನು ಮಾಡ್ತಾರೋ ನಂಗೆ ಗೊತ್ತಿಲ್ಲ, ಆದ್ರೆ ಬರೀತೆ, ನಮ್ಮ ಸಂಖ್ಯೆ ಏನೂ ಬದಲಾಗೂದಿಲ್ಲ, ಒಂಬತ್ತು ಒಂಬತ್ತೇ, ಒಂದು ಹೆಸರು ತೆಗೆದು ಒಂದು ಹೆಸರು ಹಾಕೂದು ಅಷ್ಟೇ, ಹೌದು ತಂಗಿ, ಅಷ್ಟೇ. ಹೆಸರು ಹೇಳಿ. ಫ್ಯಾನು ತಿರುಗುತ್ತದೆ, ಗುರುವಾರದ — ಎಂದು ಬಾಯಿ ತಾನಾಗಿ ಶುರು ಮಾಡಿತು, ಗುರುವಾರದ ಮರುದಿನ, ಹುಡುಗಿ ಹುಬ್ಬು ಗಂಟಿಕ್ಕಿದಳು, ಮರುಗಳಿಗೆಯಲ್ಲೇ ಅವಳ ಮುಖ ಸಡಿಲಾಯಿತು, ನಮ್ಮ ಅಜ್ಜಿಯೂ ಹೀಗೇ ಅಮ್ಮಾ, ಅಜ್ಜನ ಹೆಸರು ಹೇಳೂದೇ ಇಲ್ಲ, ನೀವು ಹೇಳೂದು ಬೇಡ ಬಿಡಿ, ನಾನೇ ಹೇಳ್ತೆ, ನೀವು ತಲೆ ಆಡಿಸಿದ್ರೆ ಸಾಕು, ನಾ ಬರಕಂತೆ — ಒಳ್ಳೆಯ ಹುಡುಗಿ, ಹೊಟ್ಟೆ ತಣ್ಣಗಿರಲಿ, ತಲೆ ಆಡಿಸಿದರೆ ಸಾಕು, ಗಾಳಿಮರದ ಹತ್ತಿರ ಆಡಿಸಿದ ಹಾಗೆ, ಆ ತಲೆಯೇ ಅಲ್ಲವೇ ಅವನನ್ನು ಕಳಿಸಿದ್ದು, ಬೇಡ ತಂಗಿ, ನೀ ಹೇಳಬೇಡ, ಎಂದು ಮಾಸ್ತಮ್ಮ ಹುಡುಗಿಯ ಕೈ ಹಿಡಿದುಕೊಂಡಳು, ಸತ್ತ ಅಂತ ಬರೆಯುವುದಾದರೆ ನಾ ಹೇಳಿದ ಮೇಲೆ ಬರಿ, ಬೇರೆ ಯಾರೂ ಹೇಳುವುದು ಬೇಡ, ಅವನು ಕೇಳಿದ್ದು ನನ್ನನ್ನು, ಸೆರಗಿನ ಗಂಟಿನಲ್ಲಿ ಬಳೆ ಕಿಣಿ ಎಂದವು, ಇನ್ನು ಅವನ್ನು ಹಾಕಿಕೊಳ್ಳುವ ಹಾಗಿಲ್ಲ, ಆಗಲಿ, ಕಚ್ಚಿ ಹಿಡಿದ ಹಲ್ಲು ಸಡಿಲಿಸಿದಳು — ಶುಕ್ರಾ. ಮೀನು ಕೂಗುವ ಗಂಟಲು, ಮೆಲ್ಲಗೆ ಹೇಳಲು ಬರುವುದಿಲ್ಲ ಅದಕ್ಕೆ, ಹಾಲಿನವರೆಲ್ಲ ತಿರುಗಿ ನೋಡಿದರು, ಹಿರೇಗುತ್ತಿಯ ಮುದುಕ ಎದ್ದೇ ನಿಂತ, ಶುಕ್ರಾ, ಇನ್ನೊಂದು ಸಲ ಬಂತು, ಎಷ್ಟು ಸಣ್ಣ ಹೆಸರು, ಎಷ್ಟು ಸುಲಭ, ಬಾಯಲ್ಲಿ ಇಷ್ಟು ರುಚಿ ಇತ್ತೇ ಇದಕ್ಕೆ, ಶುಕ್ರಾ, ಹೊಳ್ಳಿ ಬನ್ನಿ, ಕೂಗಿದೆ, ಈಗ ಕೂಗಿದೆ, ಕೇಳಿತಾ — ಅವನು ದಂಡೆಯ ಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದಾನೆ, ಎರಡೂ ಕೈ ಅಗಲಿಸಿ, ಹಗ್ಗ ಎದೆಗೆ ತಾಗಿದೆ, ಮೂವತ್ತೊಂಬತ್ತೋ ನಲವತ್ತೋ, ಅವಳ ಕೂಗಿಗೆ ಲೆಕ್ಕ ತಪ್ಪಿತು, ಸಿಟ್ಟಿಲ್ಲ, ಬೈಯುವುದಿಲ್ಲ, ಹಗ್ಗವನ್ನೆಲ್ಲ ಮರಳಿಗೆ ಕೆಡವುತ್ತಾನೆ, ತುದಿ ಹುಡುಕುತ್ತಾನೆ, ಮತ್ತೆ ಕೈ ಅಗಲಿಸುತ್ತಾನೆ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ, ಲಾಭ, ಎನ್ನುತ್ತಾನೆ, ಹಗ್ಗ ಎದೆಗೆ ತಾಗಿದೆ, ಲಾಭ, ಎರಡು ಎನ್ನುವುದಿಲ್ಲ, ಎರಡೂ ಕೈ ಅಗಲಿಸಿ ಹಾಗೆಯೇ ನಿಂತಿದ್ದಾನೆ, ಲಾಭ,